ಯುರೇನಿಯಂ ಹೆಕ್ಸಾಫ್ಲೋರೈಡ್: ವಿಕಿರಣಕ್ಕೆ ಮೊದಲು ಆಮ್ಲ

‘ಅಣು’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಜನಸಾಮಾನ್ಯರ ಮನಸ್ಸಿನಲ್ಲಿ ಮೊದಲು ಮೂಡುವುದು ವಿಕಿರಣದ ಭೀತಿ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಆ ಕಿರಣಗಳ ಬಗ್ಗೆ ಭಯವಿರುವುದು ಸಹಜವೇ ಸರಿ. ಆದರೆ ಪರಮಾಣು ಉದ್ಯಮದಲ್ಲಿ ಬಳಕೆಯಾಗುವ ಒಂದು ವಸ್ತುವಿನ ವಿಷಯದಲ್ಲಿ ಈ ಭಯ ತಪ್ಪು ದಿಕ್ಕಿಗೆ ತಿರುಗಿದೆಯೆಂದೇ ಹೇಳಬೇಕು. ಆ ವಸ್ತುವಿನ ಹೆಸರು ಯುರೇನಿಯಂ ಹೆಕ್ಸಾಫ್ಲೋರೈಡ್. ಒಂದು ಯುರೇನಿಯಂ ಪರಮಾಣುವಿಗೆ ಆರು ಫ್ಲೋರಿನ್ ಪರಮಾಣುಗಳು ಸೇರಿ ಆಗಿರುವ ಸಂಯುಕ್ತವಿದು. ಇದು ಪಾತ್ರೆಯಿಂದ ಹೊರಬಿದ್ದಾಗ ಮನುಷ್ಯನನ್ನು ಮೊದಲು ಕೊಲ್ಲುವುದು ಯುರೇನಿಯಂ ಸೂಸುವ ವಿಕಿರಣವಲ್ಲ. ಗಾಳಿಯ ತೇವದೊಡನೆ ಬೆರೆತು ಹುಟ್ಟುವ ಆಮ್ಲ.

ನಾಸಿಕದಲ್ಲಿಯೂ ಛತ್ರಪತಿ ಸಂಭಾಜಿನಗರದಲ್ಲಿಯೂ ನೆಲೆಸಿರುವ ಕನ್ನಡ ಕುಟುಂಬಗಳ ದೈನಂದಿನ ಬದುಕಿನಲ್ಲಿ ಈ ಸಂಯುಕ್ತ ಎದುರಾಗುವ ಸಂಭವವಿಲ್ಲ. ಆದರೆ ಅದರಿಂದ ಹುಟ್ಟುವ ಆಮ್ಲದ ಮಾತು ಬೇರೆ. ಅದೇ ಆಮ್ಲ ಲೋಹದ ಕೆಲಸ ಮಾಡುವ ಸಣ್ಣ ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ಆದುದರಿಂದ ಒಂದನ್ನು ಅರಿತರೆ ಇನ್ನೊಂದರಿಂದ ಪಾರಾಗುವ ಬಗೆಯೂ ತಿಳಿಯುತ್ತದೆ.

ಫ್ಲೋರಿನ್ನಿನ ಸ್ವಭಾವ

ಮೂಲವಸ್ತುಗಳ ಪೈಕಿ ಅತ್ಯಂತ ಪಟುವಾದುದು ಫ್ಲೋರಿನ್. ಎರಡು ಫ್ಲೋರಿನ್ ಪರಮಾಣುಗಳ ನಡುವಣ ಬಂಧ ದುರ್ಬಲ. ಆದರೆ ಫ್ಲೋರಿನ್ ಬೇರೆ ಮೂಲವಸ್ತುಗಳೊಡನೆ ಕಟ್ಟಿಕೊಳ್ಳುವ ಬಂಧ ಅತಿ ಪ್ರಬಲ. ತನ್ನ ಜೊತೆಯನ್ನು ಸುಲಭವಾಗಿ ಬಿಡುವ, ಹೊಸ ಜೊತೆಯನ್ನು ಬಿಡದೆ ಹಿಡಿಯುವ ಈ ಗುಣದಿಂದಾಗಿ ನಿಸರ್ಗದಲ್ಲಿ ಅದು ಬಿಡಿಯಾಗಿ ದೊರೆಯುವುದು ಅತ್ಯಪೂರ್ವ. ಸಾಮಾನ್ಯವಾಗಿ ಕ್ಯಾಲ್ಸಿಯಂನೊಡನೆ ಕೂಡಿ ಫ್ಲೋರ್‌ಸ್ಪಾರ್ ಎಂಬ ಖನಿಜದ ರೂಪದಲ್ಲಿ ಅಡಗಿರುತ್ತದೆ.

ಈ ಅನಿಲವನ್ನು ಬೇರ್ಪಡಿಸುವ ಯತ್ನದಲ್ಲಿ ಹತ್ತೊಂಬತ್ತನೆಯ ಶತಮಾನದ ಹಲವು ರಸಾಯನಶಾಸ್ತ್ರಜ್ಞರು ಆರೋಗ್ಯ ಕಳೆದುಕೊಂಡರು. ಕೆಲವರು ಪ್ರಾಣವನ್ನೇ ತೆತ್ತರು. ಐರ್ಲೆಂಡಿನ ನಾಕ್ಸ್ ಸಹೋದರರು ವಿಷಬಾಧೆಗೆ ಸಿಲುಕಿ ಬಹುಕಾಲ ನರಳಿದರು. ಕೊನೆಗೆ 1886ರಲ್ಲಿ ಫ್ರಾನ್ಸಿನ ಆನ್ರಿ ಮ್ವಾಸಾನ್ ವಿದ್ಯುದ್ವಿಭಜನೆಯ ಮೂಲಕ ಅದನ್ನು ಪಡೆದು, 1906ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು.

ಲೋಹಗಳ ಫ್ಲೋರೈಡುಗಳೆಲ್ಲವೂ ಉಗ್ರವೆಂದು ಭಾವಿಸಬಾರದು. ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಕರಗಲೂ ಹಿಂಜರಿಯುವ ಸಾಧು ಕಲ್ಲು. ಸೋಡಿಯಂ ಫ್ಲೋರೈಡನ್ನು ಅತ್ಯಲ್ಪ ಪ್ರಮಾಣದಲ್ಲಿ ಹಲ್ಲುಜ್ಜುವ ಪೇಸ್ಟಿಗೆ ಬೆರೆಸುತ್ತಾರೆ. ಇವುಗಳಲ್ಲಿ ಫ್ಲೋರಿನ್ನಿನ ಹಸಿವು ತಣಿದಿದೆ. ಯುರೇನಿಯಂ ಹೆಕ್ಸಾಫ್ಲೋರೈಡಿನಲ್ಲಿ ಹಾಗಲ್ಲ. ಆರು ಫ್ಲೋರಿನ್ ಪರಮಾಣುಗಳು ಒಂದೇ ಲೋಹದ ಸುತ್ತ ನೆರೆದಿದ್ದರೂ ನೀರು ಎದುರಾದ ಕ್ಷಣದಲ್ಲಿ ಆ ಕೂಟ ಒಡೆಯುತ್ತದೆ. ಜಲಜನಕದ ಕಡೆಗೆ ಫ್ಲೋರಿನ್ ಓಡುತ್ತದೆ.

ಭಾರವಾದ ಲೋಹ ಆವಿಯಾಗುವ ಬಗೆ

ಯುರೇನಿಯಂ ಸೀಸಕ್ಕಿಂತಲೂ ಸಾಂದ್ರವಾದ ಲೋಹ. ಅದನ್ನು ಕರಗಿಸಬೇಕಾದರೆ 1100 ಡಿಗ್ರಿ ಸೆಲ್ಸಿಯಸ್ಸಿಗೂ ಮಿಕ್ಕ ಉಷ್ಣತೆ ಬೇಕು. ಇಂಥ ಲೋಹವನ್ನು ಕೊಠಡಿಯ ಉಷ್ಣತೆಗೆ ಸಮೀಪದಲ್ಲಿಯೇ ಆವಿಯಾಗಿಸುವ ಚಮತ್ಕಾರ ಫ್ಲೋರಿನ್ನಿನದು. ಅಣುವಿನ ಮಧ್ಯದಲ್ಲಿರುವ ಯುರೇನಿಯಂ ಪರಮಾಣುವನ್ನು ಆರು ಫ್ಲೋರಿನ್ ಪರಮಾಣುಗಳು ಮೇಲೆ, ಕೆಳಗೆ ಮತ್ತು ನಾಲ್ಕು ದಿಕ್ಕುಗಳಲ್ಲಿ ಆವರಿಸಿ ನಿಲ್ಲುತ್ತವೆ. ಈ ಕವಚದಿಂದಾಗಿ ಒಂದು ಅಣುವಿಗೂ ಪಕ್ಕದ ಅಣುವಿಗೂ ಪರಸ್ಪರ ಸೆಳೆತ ತೀರ ಕಡಿಮೆ. ಆದುದರಿಂದಲೇ ಬಿಳಿಯ ಹರಳಿನಂತೆ ಕಾಣುವ ಈ ವಸ್ತು ಸಾಮಾನ್ಯ ವಾಯುಭಾರದಲ್ಲಿ 56.5 ಡಿಗ್ರಿ ಸೆಲ್ಸಿಯಸ್ಸಿಗೆ ಕರ್ಪೂರದಂತೆ, ದ್ರವವಾಗದೆ, ನೇರವಾಗಿ ಅನಿಲವಾಗುತ್ತದೆ. ಅದನ್ನು ದ್ರವರೂಪಕ್ಕೆ ತರಬೇಕಾದರೆ ಸುಮಾರು ಒಂದೂವರೆ ವಾಯುಭಾರದ ಒತ್ತಡವೂ 64 ಡಿಗ್ರಿ ಉಷ್ಣತೆಯೂ ಬೇಕಾಗುತ್ತವೆ.

ಒಣಗಾಳಿಯ ಆಮ್ಲಜನಕ, ಸಾರಜನಕ, ಇಂಗಾಲದ ಡೈಆಕ್ಸೈಡ್ ಇವುಗಳೊಡನೆ ಈ ಸಂಯುಕ್ತಕ್ಕೆ ಜಗಳವಿಲ್ಲ. ಆದರೆ ಎಣ್ಣೆ, ಗ್ರೀಸ್, ರಬ್ಬರುಗಳ ಮೇಲೆ ಬಿದ್ದರೆ ಅವುಗಳನ್ನು ಹಾಳುಗೆಡಹುತ್ತದೆ. ಅನೇಕ ಲೋಹಗಳನ್ನೂ ಕೊರೆಯುತ್ತದೆ. ನಿಕಲ್ ಹಾಗೂ ಅಲ್ಯೂಮಿನಿಯಂ ಲೋಹಗಳ ಮೇಲೆ ಮಾತ್ರ ತೆಳುವಾದ ಫ್ಲೋರೈಡ್ ಪದರವೊಂದು ಬೆಳೆದು ಒಳಗಿನ ಲೋಹವನ್ನು ಕಾಪಾಡುತ್ತದೆ. ಇಂದು ಅಡಿಗೆಮನೆಯ ಕಾವಲಿಗೆ ಅಂಟಿಕೊಂಡಿರುವ ಟೆಫ್ಲಾನ್ 1938ರಲ್ಲಿ ಆಕಸ್ಮಿಕವಾಗಿ ದೊರೆತು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೊದಲ ದೊಡ್ಡ ಉಪಯೋಗ ಕಂಡದ್ದು ಈ ಉಗ್ರ ಅನಿಲವನ್ನು ತಡೆಯುವ ಕೀಲುಗಳಲ್ಲಿ ಎಂಬುದು ಕುತೂಹಲಕರ ಸಂಗತಿ.

ಇದರ ಅವಶ್ಯಕತೆಯೇನು?

ನೈಸರ್ಗಿಕ ಯುರೇನಿಯಂನಲ್ಲಿ ಮುಖ್ಯವಾಗಿ ಎರಡು ಸಮಸ್ಥಾನಿಗಳಿವೆ. ಸುಲಭವಾಗಿ ವಿದಳನಗೊಂಡು ಶಕ್ತಿ ನೀಡುವ ಯುರೇನಿಯಂ-235 ಇರುವುದು ಶೇಕಡಾ 0.7ರಷ್ಟು ಮಾತ್ರ, ಉಳಿದುದು ಬಹುಪಾಲು ಯುರೇನಿಯಂ-238. ರಾಸಾಯನಿಕ ಗುಣಗಳಲ್ಲಿ ಇವೆರಡೂ ಅವಳಿಗಳು. ತೂಕದ ಅಲ್ಪ ವ್ಯತ್ಯಾಸವೊಂದನ್ನೇ ಹಿಡಿದು ಇವನ್ನು ಬೇರ್ಪಡಿಸಬೇಕು. ಅದಕ್ಕೆ ಯುರೇನಿಯಂ ಅನಿಲರೂಪದಲ್ಲಿರಬೇಕು. ಇಲ್ಲಿ ಫ್ಲೋರಿನ್ನಿನ ಇನ್ನೊಂದು ಗುಣ ವಿಜ್ಞಾನಿಗಳಿಗೆ ವರವಾಯಿತು. ನಿಸರ್ಗದಲ್ಲಿ ಫ್ಲೋರಿನ್ನಿಗೆ ಇರುವುದು ಒಂದೇ ಸಮಸ್ಥಾನಿ. ಹೀಗಾಗಿ ಎರಡು ಬಗೆಯ ಹೆಕ್ಸಾಫ್ಲೋರೈಡ್ ಅಣುಗಳ ತೂಕ 349 ಮತ್ತು 352 ಆಗಿ, ಅವುಗಳ ನಡುವಣ ವ್ಯತ್ಯಾಸವೆಲ್ಲ ಯುರೇನಿಯಂನದೇ ಆಗಿರುತ್ತದೆ. ಅತಿ ವೇಗದಿಂದ ತಿರುಗುವ ಕೇಂದ್ರಾಪಗಾಮಿ ಯಂತ್ರಗಳಲ್ಲಿ ಈ ಅನಿಲವನ್ನು ಸುತ್ತಿಸಿದಾಗ ಭಾರವಾದ ಅಣುಗಳು ಗೋಡೆಯ ಕಡೆಗೂ ಹಗುರವಾದವು ನಡುವಿಗೂ ಸರಿಯುತ್ತವೆ. ಮೊಸರು ಕಡೆದಾಗ ಬೆಣ್ಣೆ ಬೇರೆಯಾಗುವಷ್ಟು ಸಲೀಸಾದ ಕೆಲಸವಲ್ಲ ಇದು. ಯಂತ್ರದಿಂದ ಯಂತ್ರಕ್ಕೆ ಸಾಗಿಸಿ ಮತ್ತೆ ಮತ್ತೆ ಸುತ್ತಿಸಬೇಕು. ಈ ಕ್ರಿಯೆಯೇ ಪುಷ್ಟೀಕರಣ.

ಕನ್ನಡನಾಡಿಗೂ ಈ ಸಂಯುಕ್ತಕ್ಕೂ ನೇರ ಸಂಬಂಧವಿದೆ. ತುಮಕೂರು ಜಿಲ್ಲೆಯವರಾದ ಡಾ. ರಾಜಾ ರಾಮಣ್ಣನವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದಾಗ, 1986ರಲ್ಲಿ, ಭಾರತವು ಪುಷ್ಟೀಕರಣವನ್ನು ಸಾಧಿಸಿರುವ ಸಂಗತಿ ಬಹಿರಂಗವಾಯಿತು. ಮೈಸೂರಿನಿಂದ ಹುಣಸೂರಿಗೆ ಹೋಗುವ ಹಾದಿಯ ಇಲವಾಲದ ಬಳಿ ರತ್ನಹಳ್ಳಿಯಲ್ಲಿ ಪರಮಾಣು ಶಕ್ತಿ ಇಲಾಖೆಯ ಪುಷ್ಟೀಕರಣ ಸ್ಥಾವರ 1990ರ ಸುಮಾರಿಗೆ ಕಾರ್ಯಾರಂಭ ಮಾಡಿತು. 2009ರಲ್ಲಿ ವಿಶಾಖಪಟ್ಟಣದಲ್ಲಿ ನೀರಿಗಿಳಿದ ಅರಿಹಂತ್ ಜಲಾಂತರ್ಗಾಮಿಯಂಥ ನೌಕೆಗಳ ರಿಯಾಕ್ಟರಿಗೆ ಬೇಕಾಗುವುದು ಇಂಥ ಪುಷ್ಟೀಕೃತ ಯುರೇನಿಯಂ.

ಮಹಾರಾಷ್ಟ್ರದ ಪಾಲೂ ಇದೆ. ನಾಸಿಕ ಜಿಲ್ಲೆಗೆ ಹೊಂದಿಕೊಂಡಿರುವ ಪಾಲಘರ್ ಜಿಲ್ಲೆಯ ತಾರಾಪುರದಲ್ಲಿ 1969ರಲ್ಲಿ ವಿದ್ಯುದುತ್ಪಾದನೆ ಆರಂಭಿಸಿದ ಮೊದಲ ಎರಡು ಘಟಕಗಳು ಪುಷ್ಟೀಕೃತ ಇಂಧನವನ್ನು ಅವಲಂಬಿಸಿದವು. ಆ ಯುರೇನಿಯಂ ವಿದೇಶದಿಂದ ಹೆಕ್ಸಾಫ್ಲೋರೈಡ್ ರೂಪದಲ್ಲಿ ಬಂದು, ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ ಆಕ್ಸೈಡ್ ಬಿಲ್ಲೆಗಳಾಗಿ ಮಾರ್ಪಟ್ಟು, ಅನಂತರ ತಾರಾಪುರವನ್ನು ಸೇರುತ್ತಿತ್ತು. ಉತ್ತರ ಕನ್ನಡದ ಕೈಗಾ ಸ್ಥಾವರದ ರೀತಿ ಬೇರೆ. ಅಲ್ಲಿ ಭಾರಜಲದ ನೆರವಿನಿಂದ ನೈಸರ್ಗಿಕ ಯುರೇನಿಯಮ್ಮನ್ನೇ ಉರಿಸುವುದರಿಂದ ಪುಷ್ಟೀಕರಣವಾಗಲಿ ಹೆಕ್ಸಾಫ್ಲೋರೈಡಾಗಲಿ ಬೇಕಾಗುವುದಿಲ್ಲ.

ನೀರು ಸೋಕಿದಾಗ

ಈ ಸಂಯುಕ್ತ ತೇವವಿರುವ ಗಾಳಿಗೆ ತೆರೆದುಕೊಂಡರೆ ಒಂದು ಅಣು ಎರಡು ನೀರಿನ ಅಣುಗಳೊಡನೆ ವರ್ತಿಸಿ ಎರಡು ಬಗೆಯ ವಸ್ತುಗಳನ್ನು ಕೊಡುತ್ತದೆ. ಒಂದು, ಯುರೇನೈಲ್ ಫ್ಲೋರೈಡ್ ಎಂಬ, ನೀರಿನಲ್ಲಿ ಕರಗುವ ನವಿರಾದ ಪುಡಿ. ಇನ್ನೊಂದು, ನಾಲ್ಕು ಅಣುಗಳಷ್ಟು ಜಲಜನಕ ಫ್ಲೋರೈಡ್. ಇದು ನೀರಿನಲ್ಲಿ ಕರಗಿದಾಗ ಹೈಡ್ರೋಫ್ಲೋರಿಕ್ ಆಮ್ಲವೆನಿಸಿಕೊಳ್ಳುತ್ತದೆ. ಲೆಕ್ಕ ಹಾಕಿದರೆ, ಒಂದು ಕಿಲೋಗ್ರಾಂ ಹೆಕ್ಸಾಫ್ಲೋರೈಡಿಗೆ ಸುಮಾರು 100 ಗ್ರಾಂ ನೀರು ಸಾಕು. ಹುಟ್ಟುವ ಜಲಜನಕ ಫ್ಲೋರೈಡ್ ಸುಮಾರು 227 ಗ್ರಾಂ. ಸೋರಿಕೆಯಾದೆಡೆ ದಟ್ಟವಾದ ಬಿಳಿಯ ಹೊಗೆ ಏಳುವುದು ಈ ಕ್ರಿಯೆಯಿಂದಲೇ.

ಒಂದು ಅನುಕೂಲವೂ ಇದೆ. ಕೊಠಡಿಯ ಉಷ್ಣತೆಯಲ್ಲಿ ಘನರೂಪದಲ್ಲಿರುವ ಈ ವಸ್ತುವಿನ ಆವಿಯ ಒತ್ತಡ ಹೊರಗಿನ ವಾಯುಭಾರಕ್ಕಿಂತ ಕಡಿಮೆ. ಆದುದರಿಂದ ಉರುಳೆಗೆ ಸಣ್ಣ ರಂಧ್ರ ಬಿದ್ದರೆ ಮೊದಲು ಹೊರಗಿನ ಗಾಳಿಯೇ ಒಳನುಗ್ಗುತ್ತದೆ; ಅಲ್ಲಿ ಹುಟ್ಟಿದ ಪುಡಿ ಎಷ್ಟೋ ವೇಳೆ ಆ ರಂಧ್ರವನ್ನು ತಾನೇ ಮುಚ್ಚಿಬಿಡುತ್ತದೆ. ಪುಷ್ಟೀಕರಣದ ಯಂತ್ರಗಳೊಳಗೂ ಅನಿಲ ವಾಯುಭಾರಕ್ಕಿಂತ ಕಡಿಮೆ ಒತ್ತಡದಲ್ಲಿರುತ್ತದೆ. ಅಪಾಯ ಹೆಚ್ಚುವುದು ಅದನ್ನು ಕಾಯಿಸಿ ದ್ರವವಾಗಿಸಿದಾಗ.

ಎರಡು ದುರಂತಗಳು ಇದನ್ನು ಸಾರಿ ಹೇಳುತ್ತವೆ. 1944ರ ಸೆಪ್ಟೆಂಬರ್ 2ರಂದು ಅಮೆರಿಕದ ಫಿಲಡೆಲ್ಫಿಯಾ ನೌಕಾಂಗಣದಲ್ಲಿ ಬಿಸಿಯಾದ ಹೆಕ್ಸಾಫ್ಲೋರೈಡ್ ಪಾತ್ರೆಯೊಡೆದು ಹೊರಚಿಮ್ಮಿ, ಹಬೆಯ ಕೊಳವೆಯೂ ಒಡೆದುದರಿಂದ ಎರಡೂ ಕಲೆತು ಆಮ್ಲದ ಮೋಡವಾಯಿತು, ಇಬ್ಬರು ಅಸುನೀಗಿದರು. 1986ರ ಜನವರಿ 4ರಂದು ಓಕ್ಲಹೋಮಾ ಸಂಸ್ಥಾನದ ಗೋರ್ ಎಂಬಲ್ಲಿನ ಸ್ಥಾವರದಲ್ಲಿ, ಮಿತಿಗಿಂತ ಹೆಚ್ಚು ತುಂಬಿದ್ದ ಉರುಳೆಯೊಂದನ್ನು ಹೆಚ್ಚಿನದನ್ನು ಹೊರತೆಗೆಯುವ ಸಲುವಾಗಿ ಹಬೆಯಿಂದ ಕಾಯಿಸಲಾಯಿತು. ಘನವು ದ್ರವವಾಗುವಾಗ ಅದರ ಗಾತ್ರ ಮೂರನೆಯ ಒಂದು ಪಾಲಿಗೂ ಮಿಕ್ಕಿ ಹಿಗ್ಗುತ್ತದೆ. ಒಳಗೆ ಹಿಗ್ಗಲು ಎಡೆಯಿಲ್ಲದೆ ಉಕ್ಕಿನ ಉರುಳೆ ಸಿಡಿಯಿತು, ಕೆಲಸಗಾರನೊಬ್ಬ ಮೃತನಾದ. ಎರಡೂ ಕಡೆ ಯುರೇನಿಯಂ ಇತ್ತು; ಆದರೆ ಕೊಂದದ್ದು ವಿಕಿರಣವಲ್ಲ. ನೈಸರ್ಗಿಕ ಯುರೇನಿಯಂನ ವಿಕಿರಣ ಮಂದವಾದುದು. ಯುರೇನಿಯಂ-238 ಅರ್ಧದಷ್ಟು ಕ್ಷಯಿಸಲು ಸುಮಾರು 450 ಕೋಟಿ ವರ್ಷ ಬೇಕು. ದೇಹವನ್ನು ಸೇರಿದ ಯುರೇನೈಲ್ ಫ್ಲೋರೈಡ್ ಮೂತ್ರಪಿಂಡಗಳಿಗೆ ವಿಷವಾಗುವುದು ನಿಜ. ಆದರೆ ಅದಕ್ಕೂ ಮೊದಲು ಶ್ವಾಸಕೋಶವನ್ನು ಸುಡುವುದು ಆಮ್ಲ.

ಗೋದಾವರಿ ತೀರದ ಕಾರ್ಖಾನೆಗಳಲ್ಲಿ

ಹೈಡ್ರೋಫ್ಲೋರಿಕ್ ಆಮ್ಲಕ್ಕೆ ಪರಮಾಣು ಸ್ಥಾವರವೇ ಬೇಕೆಂದಿಲ್ಲ. ಫ್ಲೋರ್‌ಸ್ಪಾರಿಗೆ ಗಂಧಕಾಮ್ಲ ಸೇರಿಸಿ ಅದನ್ನು ಹೇರಳವಾಗಿ ತಯಾರಿಸುತ್ತಾರೆ. ಕವಿರಾಜಮಾರ್ಗವು ಕನ್ನಡನಾಡಿನ ಉತ್ತರದ ಎಲ್ಲೆಯೆಂದು ಹೆಸರಿಸಿದ ಗೋದಾವರಿ ಇಂದು ಔದ್ಯೋಗಿಕ ಪಟ್ಟಣಗಳ ನದಿ. ನಾಸಿಕದ ಸಾತಪುರ, ಅಂಬಡ್ ಮತ್ತು ಸಿನ್ನರ್, ಸಂಭಾಜಿನಗರದ ಚಿಕಲಠಾಣಾ, ವಾಳೂಜ್ ಮತ್ತು ಶೇಂದ್ರಾ ಔದ್ಯೋಗಿಕ ವಸಾಹತುಗಳು ದೇಶದ ನಾನಾ ಭಾಗಗಳ ಜನರಿಗೆ ಅನ್ನ ನೀಡಿವೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿಮಾನ ವಿಭಾಗ 1964ರಲ್ಲಿ ನಾಸಿಕದ ಬಳಿಯ ಓಝರಿನಲ್ಲಿ ಸ್ಥಾಪಿತವಾದಂದಿನಿಂದ ಕರ್ನಾಟಕಕ್ಕೂ ಆ ಊರಿಗೂ ನಂಟಿದೆ.

ಈ ಪ್ರದೇಶದ ದ್ರಾಕ್ಷಾರಸ, ಬಿಯರ್ ಹಾಗೂ ಔಷಧ ತಯಾರಿಕೆಗೆ ಸ್ಟೇನ್‌ಲೆಸ್ ಸ್ಟೀಲಿನ ತೊಟ್ಟಿಗಳೂ ಕೊಳವೆಗಳೂ ಬೇಕು. ವೆಲ್ಡಿಂಗ್ ಮಾಡಿದ ಜಾಗದಲ್ಲಿ ಉಕ್ಕು ನೀಲಿ-ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಅದನ್ನು ತೆಗೆದು ಮತ್ತೆ ಹೊಳಪು ತರಲು ಕೆಲಸಗಾರರು ಬಳಿಯುವುದು ‘ಪಿಕ್ಲಿಂಗ್ ಪೇಸ್ಟ್’. ಅದರಲ್ಲಿ ಸಾಮಾನ್ಯವಾಗಿ ನೈಟ್ರಿಕ್ ಆಮ್ಲದೊಡನೆ ಹೈಡ್ರೋಫ್ಲೋರಿಕ್ ಆಮ್ಲವೂ ಇರುತ್ತದೆ. ಟೈಟಾನಿಯಂ ಲೋಹವನ್ನು ತೊಳೆಯುವುದು, ಗಾಜಿನ ಮೇಲೆ ಚಿತ್ರ ಕೊರೆಯುವುದು, ತುಕ್ಕು ತೆಗೆಯುವುದು, ಇವುಗಳಿಗೂ ಇದೇ ಆಮ್ಲ ಅಥವಾ ಇದರ ಲವಣಗಳು ಬಳಕೆಯಲ್ಲಿವೆ. ಗಾಜನ್ನು ತಿನ್ನುವುದರಿಂದ ಇದು ಗಾಜಿನ ಸೀಸೆಯಲ್ಲಿ ಇರಲಾರದು. ಪ್ಲಾಸ್ಟಿಕ್ ಡಬ್ಬಿಯೇ ಬೇಕು. ನೋಡುವವರಿಗೆ ಅದು ಸಾಧಾರಣ ಸಾಬೂನಿನ ಡಬ್ಬಿಯಂತೆಯೇ ಕಾಣುತ್ತದೆ.

ದೇಹದೊಳಗೆ ನಡೆಯುವುದೇನು?

ಗಂಧಕಾಮ್ಲ ಚರ್ಮಕ್ಕೆ ಬಿದ್ದರೆ ತಕ್ಷಣ ಉರಿಯುತ್ತದೆ. ಮನುಷ್ಯ ಕೂಡಲೇ ಕೈ ತೊಳೆಯುತ್ತಾನೆ. ಹೈಡ್ರೋಫ್ಲೋರಿಕ್ ಆಮ್ಲ ಮೋಸಗಾರ. ಅದರ ಸಾಂದ್ರತೆ ಶೇಕಡಾ 50ಕ್ಕಿಂತ ಹೆಚ್ಚಾಗಿದ್ದರೆ ನೋವು ಒಡನೆಯೇ ಕಾಣಿಸುತ್ತದೆ. 20ರಿಂದ 50ರ ನಡುವೆ ಇದ್ದರೆ ಒಂದರಿಂದ ಎಂಟು ಗಂಟೆಗಳ ತರುವಾಯ ಕಾಣಿಸಬಹುದು. ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ 24 ಗಂಟೆಗಳವರೆಗೂ ಏನೂ ತಿಳಿಯದೆ ಹೋಗಬಹುದು. ಹಗಲು ಪಾಳಿಯಲ್ಲಿ ಬೆರಳಿಗೆ ತಗುಲಿದ್ದು ನಡುರಾತ್ರಿ ಮನೆಯಲ್ಲಿ ಅಸಹ್ಯ ನೋವಾಗಿ ಏಳುತ್ತದೆ. ಹೊರಗೆ ಚರ್ಮ ಸ್ವಲ್ಪ ಕೆಂಪಾಗಿರುವುದನ್ನು ಬಿಟ್ಟರೆ ಹೆಚ್ಚೇನೂ ಕಾಣದಿರುವುದೂ ಉಂಟು.

ಇದಕ್ಕೆ ಕಾರಣ ಫ್ಲೋರಿನ್ನಿಗೆ ಕ್ಯಾಲ್ಸಿಯಂನ ಮೇಲಿರುವ ಅದಮ್ಯ ಸೆಳೆತ. ಈ ಆಮ್ಲದ ಅಣು ಚರ್ಮದ ಮೂಲಕ ಆಳಕ್ಕಿಳಿದು, ಅಲ್ಲಿ ಫ್ಲೋರೈಡ್ ಅಯಾನನ್ನು ಬಿಡುಗಡೆ ಮಾಡುತ್ತದೆ. ಅದು ಜೀವಕೋಶಗಳ, ರಕ್ತದ, ಕೊನೆಗೆ ಮೂಳೆಯ ಕ್ಯಾಲ್ಸಿಯಮ್ಮನ್ನು ಹಿಡಿದು ಕ್ಯಾಲ್ಸಿಯಂ ಫ್ಲೋರೈಡ್ ಆಗುತ್ತದೆ. ಗಣಿಯಲ್ಲಿ ಕ್ಯಾಲ್ಸಿಯಂನಿಂದ ಬಲವಂತವಾಗಿ ಬಿಡಿಸಿಕೊಂಡು ಬಂದ ಫ್ಲೋರಿನ್ ಮನುಷ್ಯನ ಬೆರಳಿನಲ್ಲಿ ಮತ್ತೆ ಅದೇ ಕಲ್ಲಾಗಲು ಹವಣಿಸುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ. ಸಾಂದ್ರ ಆಮ್ಲ ಎರಡು-ಮೂರು ಅಂಗೈಗಳಷ್ಟು ಜಾಗವನ್ನು ಸುಟ್ಟರೂ ಪ್ರಾಣಾಪಾಯವಾದ ನಿದರ್ಶನಗಳಿವೆ. ಆವಿಯನ್ನು ಉಸಿರಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅದೂ ಹಲವು ಗಂಟೆಗಳ ನಂತರ. 2012ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಗುಮಿ ನಗರದ ಕಾರ್ಖಾನೆಯೊಂದರಲ್ಲಿ ಈ ಅನಿಲ ಸೋರಿ ಐವರು ಸತ್ತರು.

ಪಾವಗಡ, ಮುಂಡರಗಿಯಂಥ ಸೀಮೆಗಳಿಂದ ಬಂದವರಿಗೆ ಇದೇ ಸೆಳೆತದ ನಿಧಾನ ರೂಪ ಪರಿಚಿತ. ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇದ್ದು ಅದನ್ನೇ ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟಬಹುದು; ಪ್ರಮಾಣ ಇನ್ನೂ ಹೆಚ್ಚಿದ್ದಲ್ಲಿ ಹಿರಿಯರ ಬೆನ್ನು, ಕೀಲುಗಳು ಬಿಗಿಯುತ್ತವೆ. ಅಲ್ಲಿ ದಶಕಗಳಲ್ಲಿ ನಡೆಯುವುದನ್ನು ಈ ಆಮ್ಲ ಗಂಟೆಗಳಲ್ಲಿ ನಡೆಸುತ್ತದೆ.

ತಗುಲಿದಾಗ ಮಾಡಬೇಕಾದುದು

ರೋಗದ ಮೂಲ ಕ್ಯಾಲ್ಸಿಯಂನ ಹಸಿವಾದುದರಿಂದ ಚಿಕಿತ್ಸೆಯೂ ಕ್ಯಾಲ್ಸಿಯಮ್ಮೇ. ಹೊರಗಿನಿಂದ ಕ್ಯಾಲ್ಸಿಯಂ ಒದಗಿಸಿದರೆ ಫ್ಲೋರೈಡ್ ಅದನ್ನು ಹಿಡಿದು ತಣ್ಣಗಾಗುತ್ತದೆ. ದೇಹದ ಕ್ಯಾಲ್ಸಿಯಂ ಉಳಿಯುತ್ತದೆ.

1. ಕ್ಷಣವೂ ತಡಮಾಡದೆ ಧಾರಾಳವಾದ ಹರಿಯುವ ನೀರಿನಿಂದ ತೊಳೆಯಬೇಕು. ಆಮ್ಲ ಬಿದ್ದ ಬಟ್ಟೆ, ಕೈಗವಸು, ಉಂಗುರ, ಗಡಿಯಾರಗಳನ್ನು ನೀರು ಹಾಕುತ್ತಲೇ ತೆಗೆಯಬೇಕು. ನೋವಿಲ್ಲವೆಂದು ಸುಮ್ಮನಿರಬಾರದು.

2. ಕಾರ್ಖಾನೆಯಲ್ಲಿ ಶೇಕಡಾ 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಲೇಪವಿದ್ದರೆ ಐದು ನಿಮಿಷ ತೊಳೆದ ಮೇಲೆ ಅದನ್ನು ಹಚ್ಚಿ, ತಿಕ್ಕುತ್ತ, ಮತ್ತೆ ಮತ್ತೆ ಹೊಸದಾಗಿ ಹಚ್ಚಬೇಕು. ಹಚ್ಚುವವರು ಕೈಗವಸು ಧರಿಸಿರಬೇಕು. ಲೇಪವಿಲ್ಲದಿದ್ದರೆ ಕನಿಷ್ಠ ಹದಿನೈದು ನಿಮಿಷವಾದರೂ ತೊಳೆದು ಆಸ್ಪತ್ರೆಗೆ ಧಾವಿಸಬೇಕು.

3. ಎಣ್ಣೆ, ತುಪ್ಪ, ಅರಿಸಿನ, ಟೂತ್‌ಪೇಸ್ಟ್, ಅಡಿಗೆ ಸೋಡಾ ಇವಾವುವೂ ಇದಕ್ಕೆ ಮದ್ದಲ್ಲ. ಇವುಗಳಿಂದ ವೇಳೆ ವ್ಯರ್ಥವಾಗುತ್ತದೆ.

4. ಕಣ್ಣಿಗೆ ಸಿಡಿದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು ನೀರು ಹಾಯಿಸುತ್ತಲೇ ಇರಬೇಕು. ಚರ್ಮದ ಲೇಪವನ್ನು ಕಣ್ಣಿಗೆ ಹಾಕಕೂಡದು.

5. ಆವಿ ಸೇವಿಸಿದವರನ್ನು ಶುದ್ಧ ಗಾಳಿಗೆ ಕರೆದೊಯ್ದು, ಅವರು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಯಲ್ಲಿ ನಿಗಾದಲ್ಲಿರಿಸಬೇಕು. ನುಂಗಿದವರಿಗೆ ವಾಂತಿ ಮಾಡಿಸಬಾರದು.

6. ಡಬ್ಬಿಯ ಮೇಲಿನ ಚೀಟಿಯನ್ನು ವೈದ್ಯರಿಗೆ ತಪ್ಪದೆ ತೋರಿಸಬೇಕು. ‘ಆಸಿಡ್ ಬಿತ್ತು’ ಎಂದಷ್ಟೇ ಹೇಳಿದರೆ ಸಾಮಾನ್ಯ ಸುಟ್ಟಗಾಯದ ಚಿಕಿತ್ಸೆ ದೊರೆಯಬಹುದು. ‘ಹೈಡ್ರೋಫ್ಲೋರಿಕ್’ ಎಂಬ ಶಬ್ದವನ್ನು ಸ್ಪಷ್ಟವಾಗಿ ನುಡಿದರೆ ವೈದ್ಯರು ರಕ್ತದ ಕ್ಯಾಲ್ಸಿಯಮ್ಮನ್ನೂ ಹೃದಯದ ಬಡಿತವನ್ನೂ ಪರೀಕ್ಷಿಸುವರು. ಅಗತ್ಯ ಬಿದ್ದರೆ ಕ್ಯಾಲ್ಸಿಯಂ ಚುಚ್ಚುಮದ್ದು ನೀಡುವರು. ಆ ಶಬ್ದ ಕನ್ನಡಿಗನ ಬಾಯಲ್ಲೂ ಮರಾಠಿ ವೈದ್ಯರ ಕಿವಿಯಲ್ಲೂ ಒಂದೇ.

ಲೇಪದಿಂದ ನೋವು ಶಮನವಾಗುವುದು ಚಿಕಿತ್ಸೆ ಫಲಿಸುತ್ತಿದೆಯೆಂಬುದರ ಕುರುಹು. ಆದಕಾರಣ ಜಾಗವನ್ನು ಮರಗಟ್ಟಿಸುವ ಔಷಧವನ್ನು ವೈದ್ಯರು ಸಾಮಾನ್ಯವಾಗಿ ಕೊಡಬಯಸುವುದಿಲ್ಲ. ರೋಗಿಯ ಮನೆಯವರು ಇದನ್ನು ನಿರ್ಲಕ್ಷ್ಯವೆಂದು ಭಾವಿಸಬಾರದು.

ಪ್ರತಿ ಕುಟುಂಬದ ಕೆಲಸ

ಮೈಸೂರಿನಂಥ ಸ್ಥಾವರಗಳಲ್ಲಿ ಹೆಕ್ಸಾಫ್ಲೋರೈಡನ್ನು ನಿಕಲ್, ಅಲ್ಯೂಮಿನಿಯಂ, ಟೆಫ್ಲಾನ್‌ಗಳ ಕೋಟೆಯೊಳಗೆ, ತರಬೇತಿ ಪಡೆದವರ ಕಣ್ಗಾವಲಿನಲ್ಲಿ ಇರಿಸುತ್ತಾರೆ. ಅದರ ಉಗ್ರತೆ ಎಲ್ಲರಿಗೂ ಗೊತ್ತಿರುವುದೇ ಅಲ್ಲಿನ ರಕ್ಷಣೆ. ವೆಲ್ಡಿಂಗ್ ಶೆಡ್ಡಿನ ಮೂಲೆಯ ಡಬ್ಬಿಗೆ ಅಂಥ ಕೋಟೆಯಿಲ್ಲ. ಅದರೊಳಗೆ ಇರುವುದೂ ಅದೇ ಫ್ಲೋರಿನ್ ಎಂಬುದು ಅದನ್ನು ಮುಟ್ಟುವ ಹುಡುಗನಿಗೆ ಎಷ್ಟೋ ವೇಳೆ ತಿಳಿದಿರುವುದಿಲ್ಲ. ಊರಿನಿಂದ ಹೊಸದಾಗಿ ಬಂದು ಕೆಲಸಕ್ಕೆ ಸೇರಿದ ತಮ್ಮನಿಗೋ ಅಳಿಯನಿಗೋ ಮನೆಯ ಹಿರಿಯರು ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು: ಬಳಸುವ ಪೇಸ್ಟಿನಲ್ಲಿ ಯಾವ ಆಮ್ಲವಿದೆ? ಕೈಗೆ ತೂತಿಲ್ಲದ ದಪ್ಪ ನಿಯೋಪ್ರೀನ್ ಕೈಗವಸು ಕೊಟ್ಟಿದ್ದಾರೆಯೇ? ಶೆಡ್ಡಿನಲ್ಲಿ ನಲ್ಲಿ ನೀರೂ ಕ್ಯಾಲ್ಸಿಯಂ ಗ್ಲುಕೋನೇಟ್ ಲೇಪವೂ ಇವೆಯೇ? ಇವುಗಳಲ್ಲಿ ಒಂದಕ್ಕೆ ‘ಇಲ್ಲ’ ಅಥವಾ ‘ಗೊತ್ತಿಲ್ಲ’ ಎಂಬ ಉತ್ತರ ಬಂದರೂ ಮರುದಿನವೇ ಮೇಲ್ವಿಚಾರಕರನ್ನು ವಿಚಾರಿಸಿ, ಇಲ್ಲದುದನ್ನು ಒದಗಿಸುವಂತೆ ಕೇಳತಕ್ಕದ್ದು. ಆ ಲೇಪದ ಬೆಲೆ ಅಲ್ಪ. ಕಾಪಾಡುವ ಬೆರಳಿನ ಬೆಲೆ ಕಟ್ಟಲಾಗದು.